ಹದಿನಾಲ್ಕು ತೂಬಿನ ಚಂದ್ರಾಮಪ್ಪ

ಚಂದ್ರಾಮಪ್ಪ ನೀರು ಮಾರಿಕೊಳ್ಳಲಿಲ್ಲ. ಈ ಮಾತನ್ನು ಮೊದಲಿಗೇ ಬರೆದುಬಿಡುತ್ತೇನೆ, ಏಕೆಂದರೆ ಬರೆಯಬೇಕಾದ ದಿನ ಇದನ್ನು ಬಿಟ್ಟು ಬೇರೇನನ್ನೋ ಬರೆದವನು ನಾನೇ. ಇಪ್ಪತ್ತೊಂಬತ್ತು ವರ್ಷ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಷ್ಟು ವರ್ಷ ಸರ್ಕಾರಿ ಭಾಷೆ ಬರೆದವನಿಗೆ ಯಾರು ಏನು ಮಾಡಿದರು ಎಂದು ನೇರವಾಗಿ ಹೇಳುವ ರೂಢಿಯೇ ತಪ್ಪಿಹೋಗಿರುತ್ತದೆ.

ಚಂದ್ರಾಮಪ್ಪ ನಮ್ಮ ಕಚೇರಿಯ ಲಸ್ಕರ್. ಕಾಲುವೆಯ ದಂಡೆ ಕಾಯುವುದು, ತೂಬು ತೆಗೆಯುವುದು, ಮುಚ್ಚುವುದು ಅವನ ಕೆಲಸ. ಅವನ ಪಾಲಿಗೆ ಬಂದದ್ದು ಸುರಪುರ ತಾಲೂಕಿನ ಒಂದು ಮರಿಗಾಲುವೆ. ಇಪ್ಪತ್ತೆರಡು ಕಿಲೋಮೀಟರ್ ಉದ್ದ, ಹದಿನಾಲ್ಕು ತೂಬು. ನಾರಾಯಣಪುರ ಜಲಾಶಯದ ನೀರು ಬರುವ ಮೊದಲು ಅದೇ ಕಾಲುವೆಯನ್ನು ಅಗೆಯುವ ಕೂಲಿಯವರ ಗುಂಪಿನಲ್ಲಿ ಅವನೂ ಒಬ್ಬ. ಯಾವ ತಿರುವಿನಲ್ಲಿ ಬಂಡೆ ಸಿಕ್ಕಿತ್ತು, ಎಲ್ಲಿ ಎರೆಮಣ್ಣು ಕುಸಿದು ಎರಡು ಕತ್ತೆ ಸತ್ತವು ಎನ್ನುವುದೆಲ್ಲ ಅವನಿಗೆ ಬಾಯಿಪಾಠ. ಕುಳ್ಳ ಆಳು, ಖಾಕಿ ಅಂಗಿ, ಕೆಳಗೆ ಧೋತರ. ಅಂಗಿಯ ಕಿಸೆಯಲ್ಲಿ ಪೆನ್ನಿನ ಬದಲು ಒಂದು ಸ್ಕ್ರೂಡ್ರೈವರ್. ಮಾತು ಕಡಿಮೆ, ಆಡಿದ ಮಾತು ಮಾತ್ರ ಕಲ್ಲಿನ ಮೇಲೆ ಬರೆದ ಹಾಗೆ. "ಮಂಗಳವಾರ ಮುಂಜಾನಿ ನೀರು ಬರ್ತದ" ಎಂದು ಅವನು ಹೇಳಿದನೆಂದರೆ ರೈತರು ಸೋಮವಾರ ಸಂಜೆಯೇ ಬದು ಸರಿಮಾಡಿಕೊಳ್ಳುತ್ತಿದ್ದರು. ನಮ್ಮ ಇಂಜಿನಿಯರರ ಸಹಿಗೆ ಅಷ್ಟು ಬೆಲೆ ಇರಲಿಲ್ಲ.

ಕಾಲುವೆಯ ಕೊನೆಯಲ್ಲಿ ಇದ್ದ ಊರು ಬೇವಿನಗೇರಿ. ಕೊನೆಯ ಊರಿನ ಕರ್ಮ ಎಲ್ಲರಿಗೂ ಗೊತ್ತೇ ಇದೆ. ಮೇಲಿನವರು ಉಂಡು, ತೊಳೆದು, ಚೆಲ್ಲಿದ್ದು ಅವರಿಗೆ. ಅದಕ್ಕೇ ಪಾಳಿ ಎಂದು ಮಾಡಿದ್ದರು. ಪಾಳಿಯ ನಾಲ್ಕು ದಿನ ಮೇಲಿನ ತೂಬುಗಳೆಲ್ಲ ಮುಚ್ಚಿರಬೇಕು, ನೀರು ಸೀದಾ ಕೊನೆಗೆ ಹೋಗಬೇಕು. ಮುಚ್ಚುವುದೇನೂ ದೊಡ್ಡದಲ್ಲ, ಮುಚ್ಚಿದ್ದು ಮುಚ್ಚಿಯೇ ಇರುವ ಹಾಗೆ ನೋಡಿಕೊಳ್ಳುವುದು ದೊಡ್ಡದು. ಲಸ್ಕರನ ಬೆನ್ನು ಅತ್ತ ತಿರುಗಿದರೆ ಇತ್ತ ಯಾರೋ ತೂಬು ಎತ್ತಿರುತ್ತಾರೆ. ಆ ನಾಲ್ಕು ದಿನ ಅವನು ದಿನಕ್ಕೆ ಎರಡು ಸಲ, ಮೂರು ಸಲ ಮೇಲಿಂದ ಕೆಳಗೆ ಸುತ್ತಲೇಬೇಕು. ನಡೆದು ಆಗುವ ಮಾತಲ್ಲ.

ಆದ್ದರಿಂದಲೇ ಅವನು ಯಾದಗಿರಿಯಲ್ಲಿ ನಿವೃತ್ತ ಕಂಪೌಂಡರ್ ಒಬ್ಬರ ಹಳೆಯ ಮೋಟರ್‌ಸೈಕಲ್ಲು ಕೊಂಡಿದ್ದ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಗಾಡಿ. ಕೊಂಡಾಗಲೇ ಅದಕ್ಕೆ ಹದಿನೈದು ವರ್ಷವಾಗಿತ್ತು. ಕಾಲುವೆ ದಂಡೆಯ ಧೂಳು ಹಿಟ್ಟಿನಷ್ಟು ನುಣುಪು. ಅದು ಇಂಜಿನ್ನಿನೊಳಗೆ ಹೋಗಿ ಒಮ್ಮೆ ಪಿಸ್ಟನ್ನನ್ನೇ ತಿಂದುಹಾಕಿತ್ತು. ಆವತ್ತಿನಿಂದ ಚಂದ್ರಾಮಪ್ಪನಿಗೆ ಗಾಳಿ ಸೋಸುವ ಫಿಲ್ಟರ್ ಅಂದರೆ ಮನೆದೇವರಷ್ಟು ಭಯಭಕ್ತಿ.

ಬೇವಿನಗೇರಿಯ ಮಾತು ಇನ್ನೊಂದಿದೆ. ಅವನ ಒಬ್ಬಳೇ ಮಗಳು ಅಯ್ಯಮ್ಮನನ್ನು ಆ ಊರಿಗೇ ಕೊಟ್ಟಿದ್ದ. ಕೊಟ್ಟು ಎರಡು ವರ್ಷ. ಲಸ್ಕರನ ಮಗಳು ಬಂದಳು, ಇನ್ನು ನಮ್ಮ ಊರಿಗೆ ನೀರಿನ ಚಿಂತೆಯಿಲ್ಲ ಎಂದು ಊರವರು ಮದುವೆಯಲ್ಲಿ ನಗೆಯಾಡಿದ್ದರಂತೆ. ನಗೆಯಾಡಿದ್ದು ಹೌದು, ಆದರೆ ಆ ಮಾತನ್ನು ಅವಳ ಅತ್ತೆ ಚಂದಮ್ಮ ನಗೆಯೆಂದು ತಿಳಿದಿರಲಿಲ್ಲ.

ತೊಂಬತ್ತಾರನೇ ಇಸವಿ. ಮಾರ್ಚಿನ ಎರಡನೇ ವಾರ ಗಾಡಿಯ ಹಳೆಯ ಫಿಲ್ಟರ್ ಹರಿದುಹೋಯಿತು. ಅಂಥದ್ದು ಈಗ ಬರುವುದಿಲ್ಲವೆಂದು ಯಾದಗಿರಿಯ ಅಂಗಡಿಯವನು ಸ್ಪಂಜಿನ ಹಾಳೆಯಿಂದ ಅಳತೆಗೆ ಕತ್ತರಿಸಿ ಕೊಟ್ಟ. ಹಾಗೆಯೇ ಹಾಕಬೇಡ, ಎಣ್ಣೆಯಲ್ಲಿ ಅದ್ದಿ ಹಿಂಡಿ ಹಾಕು, ಧೂಳು ಅದಕ್ಕೇ ಅಂಟಿಕೊಂಡು ನಿಲ್ಲುತ್ತದೆ ಎಂದೂ ಹೇಳಿದ. ಯಾವ ಎಣ್ಣೆ ಎಂದು ಇವನು ಕೇಳಿದ. ಯಾವುದಾದರೂ ನಡೆಯುತ್ತದೆ ಎಂದು ಅಂಗಡಿಯವನು ಮುಂದಿನ ಗಿರಾಕಿಯ ಕಡೆ ತಿರುಗಿದ.

ಯಾವುದಾದರೂ ನಡೆಯುತ್ತದೆ ಎಂದ ಮೇಲೆ ಚಂದ್ರಾಮಪ್ಪನಂಥವನು ಕಡಿಮೆಯದನ್ನು ಹಾಕುತ್ತಾನೆಯೇ? ನಮ್ಮ ಕಡೆ ಹೊಸದಾಗಿ ಮನೆಗೆ ಬಂದದ್ದಕ್ಕೆಲ್ಲ ಮೊದಲ ಎಣ್ಣೆ ಕುಸುಬಿಯದು. ಹೊಸ ನೊಗಕ್ಕೆ, ಹೊಸ ಬಾರುಕೋಲಿಗೆ, ಹೊಸ ಚಪ್ಪಲಿಗೆ, ಎಲ್ಲದಕ್ಕೂ. ಹೆಂಡತಿ ಕರೆಮ್ಮ ಗಾಣದಿಂದ ತಂದು ಮುಚ್ಚಿಟ್ಟ ತಾಜಾ ಕುಸುಬಿ ಎಣ್ಣೆಯನ್ನು ಬಟ್ಟಲಿಗೆ ಸುರಿದುಕೊಟ್ಟಳು. ಅವನು ಸ್ಪಂಜು ಅದ್ದಿದ, ಹಿಂಡಿದ, ಹಾಕಿದ. ಶಹಾಪುರದ ಮೆಕ್ಯಾನಿಕ್ ಉಸ್ಮಾನಸಾಬ ಗಾಡಿ ಓಡಿಸಿ ನೋಡಿ, ಸ್ಪಂಜಿನಲ್ಲಿ ಗಾಳಿ ಜಾಸ್ತಿ ಬರುತ್ತದೆ, ಪೆಟ್ರೋಲೂ ಅಷ್ಟೇ ಜಾಸ್ತಿ ಬೇಕು ಎಂದು ಕಾರ್ಬೊರೇಟರಿನ ಸೂಜಿಯನ್ನು ಒಂದು ಹಲ್ಲು ಮೇಲಕ್ಕೆ ಎತ್ತಿ ಕೊಟ್ಟ. ಅದು ಸರಿಯಾದ ಕೆಲಸವೇ. ಎರಡು ವಾರ ಗಾಡಿ ಹೊಸ ಎತ್ತಿನ ಹಾಗೆ ಓಡಿತು. ಕಚೇರಿಯ ಮುಂದೆ ನಿಲ್ಲಿಸಿ ಅದರ ಸದ್ದು ಕೇಳಿಸಿಕೊಳ್ಳುತ್ತ ಅವನು ನಗುತ್ತಿದ್ದದ್ದು ನನಗೆ ನೆನಪಿದೆ.

ಬೇವಿನಗೇರಿಯ ಕೊನೆಯ ಪಾಳಿ ಏಪ್ರಿಲ್ ಮೂರರಿಂದ ಆರು. ಆರರ ಸಂಜೆ ಕಾಲುವೆಗೆ ನೀರು ಬಂದ್, ಆಮೇಲೆ ಮಳೆಗಾಲದವರೆಗೆ ಇಲ್ಲ. ಆ ಊರಿನ ಭತ್ತದ ತೆನೆ ಹಾಲು ತುಂಬುವ ಹೊತ್ತು ಅದು. ಆ ಒಂದು ನೀರು ಸಿಕ್ಕರೆ ಕಾಳು, ಇಲ್ಲದಿದ್ದರೆ ಜೊಳ್ಳು. ಚಂದ್ರಾಮಪ್ಪ ಬೀಗರ ಕಟ್ಟೆಯ ಮೇಲೆ ಕೂತು, ಮೂರಕ್ಕೆ ನೀರು ನಿಮ್ಮ ಹೊಲದಲ್ಲಿ ಎಂದು ಊರಿಗೆಲ್ಲ ಮಾತು ಕೊಟ್ಟು ಬಂದಿದ್ದ.

ಮೂರನೇ ತಾರೀಕು ಮುಂಜಾನೆ ಮೊದಲ ನಾಲ್ಕು ತೂಬು ಮುಚ್ಚಿದ. ಐದನೆಯದಕ್ಕೆ ಹೋಗುವಾಗ ಗಾಡಿ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ನಿಂತುಬಿಟ್ಟಿತು. ಪ್ಲಗ್ ಬಿಚ್ಚಿದರೆ ಅದು ಕಾಡಿಗೆ ಹಚ್ಚಿದ ಹಾಗೆ ಕಪ್ಪಗೆ, ಒದ್ದೆ. ಒರೆಸಿ ಹಾಕಿ ಕಿಕ್ ಹೊಡೆದ, ಹೊರಟಿತು. ಮೂರು ಕಿಲೋಮೀಟರಿಗೆ ಮತ್ತೆ ನಿಂತಿತು. ಮತ್ತೆ ಬಿಚ್ಚಿದ, ಒರೆಸಿದ. ಒಂಬತ್ತನೇ ತೂಬಿಗೆ ಹೋಗಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಕಾಲುವೆಯಲ್ಲಿ ನೀರು ಇಳಿಯುತ್ತಿರುವುದು ಕಂಡು ತಿರುಗಿ ಬಂದ. ಮೇಲಿನ ನಾಲ್ಕೂ ತೂಬು ತೆರೆದಿದ್ದವು. ಆವತ್ತು ಬೇವಿನಗೇರಿಗೆ ಹನಿ ನೀರು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಮೇಜಿನ ಮುಂದೆ ಬಂದು ನಿಂತ, ಕಚೇರಿಯ ಜೀಪು ಕೊಡಿಸಿ ಎಂದು ಕೇಳಿದ. ಇಂಜಿನಿಯರರು ಜೀಪು ತೆಗೆದುಕೊಂಡು ಗುಲಬರ್ಗಾದ ಮೀಟಿಂಗಿಗೆ ಹೋಗಿದ್ದರು, ಬರುವುದು ಎರಡು ದಿನದ ಮೇಲೆ. ಗಾಡಿ ಕೈಕೊಟ್ಟಿದೆ ಎಂದು ಅವನು ವಿವರಿಸಲು ಹೋದ. ಇಷ್ಟು ದಿನ ಕಾಣದ ಗಾಡಿಯ ರೋಗ ಪಾಳಿಯ ದಿನವೇ ಬಂತೇ ಎಂದು ನಾನು ನಕ್ಕೆ. ಅವನು ಹೋದ ಮೇಲೆ ಪಕ್ಕದ ಮೇಜಿನವನಿಗೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೂ ಹೇಳಿದೆ. ಮೇಲಿನ ಊರಿನವರು ಅವನ ಕೈ ಬೆಚ್ಚಗೆ ಮಾಡಿರಬೇಕು ಎಂದು ಪಕ್ಕದವನು ಅಂದ. ನಾನು ಅಲ್ಲ ಅನ್ನಲಿಲ್ಲ.

ಚಂದ್ರಾಮಪ್ಪ ಟ್ರ್ಯಾಕ್ಟರಿನಲ್ಲಿ ಗಾಡಿ ಹೇರಿಕೊಂಡು ಶಹಾಪುರಕ್ಕೆ ಹೋದ. ಉಸ್ಮಾನಸಾಬ ಒಳ್ಳೆಯ ಮೆಕ್ಯಾನಿಕ್ ಎನ್ನುವುದನ್ನು ಇಲ್ಲಿ ಹೇಳಲೇಬೇಕು. ಕಪ್ಪು ಪ್ಲಗ್ ನೋಡಿದ ಕೂಡಲೇ ಪೆಟ್ರೋಲು ಜಾಸ್ತಿ, ಗಾಳಿ ಕಡಿಮೆ ಎಂದು ಅವನು ಹೇಳಿದ. ಮೊದಲು ತಾನು ಎತ್ತಿದ ಸೂಜಿಯನ್ನು ತಾನೇ ಇಳಿಸಿದ. ಹೊಗೆ ನಿಲ್ಲಲಿಲ್ಲ. ಕಾರ್ಬೊರೇಟರ್ ಬಿಚ್ಚಿ ಜೆಟ್ ತೊಳೆದು ಊದಿದ. ಒಳಗಿನ ಫ್ಲೋಟ್ ಪೆಟ್ರೋಲನ್ನು ತಡೆಯುತ್ತಿಲ್ಲವೇನೋ ಎಂದು ಅದನ್ನೂ ಬದಲಿಸಿದ. ಹೊಸ ಪ್ಲಗ್ ಹಾಕಿದ. ಹೊಗೆ ಅಷ್ಟೇ. ಕಡೆಗೆ ಫಿಲ್ಟರಿನ ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡಿದ. ಸ್ಪಂಜಿನ ಮೇಲೆ ಧೂಳು ಅಷ್ಟಾಗಿ ಇರಲಿಲ್ಲ, ಮಿರಮಿರ ಮಿಂಚುತ್ತಿತ್ತು. ಹೊಸದು, ಇನ್ನೂ ತಿಂಗಳಾಗಿಲ್ಲ, ಇದರದೇನೂ ತಪ್ಪಿಲ್ಲ ಎಂದು ಮುಚ್ಚಿಬಿಟ್ಟ. ಮುಟ್ಟಿ ಹಿಂಡಿ ನೋಡಿದ್ದರೆ ಆವತ್ತೇ ಮುಗಿಯುತ್ತಿತ್ತು. ಹೊಸದನ್ನು ಯಾರು ಅನುಮಾನಿಸುತ್ತಾರೆ? ಸಂಜೆಗೆ ಅವನು ಕೈ ಒರೆಸಿಕೊಂಡು, "ನನ್ನ ಅಕಲ್ ಇಲ್ಲಿಗೆ ಖತಮ್ ಆತು ಚಂದ್ರಾಮಪ್ಪ, ಇದು ಹಿಂಗ್ಯಾಕ ಮಾಡಾಕತ್ತದ ನಂಗ ತಿಳೀವಲ್ದು" ಎಂದುಬಿಟ್ಟ. ವೈದ್ಯ ಕೈಚೆಲ್ಲಿದ ಮೇಲೆ ರೋಗಿಯ ಕಡೆಯವರ ಮುಖ ಹೇಗಿರುತ್ತದೆಯೋ ಹಾಗೆ ಇವನ ಮುಖ ಇತ್ತೆಂದು ಉಸ್ಮಾನಸಾಬನೇ ನನಗೆ ಹೇಳಿದ್ದು.

ಐದನೇ ತಾರೀಕು ಒಂದು ಸೈಕಲ್ ಇಸಿದುಕೊಂಡು ಹೊರಟ. ದಂಡೆಯ ತುಂಬ ಜಾಲಿ ಮುಳ್ಳು. ಆರು ಕಿಲೋಮೀಟರಿಗೆ ಎರಡೂ ಗಾಲಿ ಕೂತವು. ಸೈಕಲ್ಲನ್ನು ನೂಕಿಕೊಂಡೇ ಎಂಟು ತೂಬು ಮುಚ್ಚಿದ. ಮುಚ್ಚಿದ ಹಿಂದೆಯೇ ಮೇಲಿನವರು ತೆರೆದರು. ಅದೇ ಹೊತ್ತಿಗೆ ಇತ್ತ ಬೇವಿನಗೇರಿಯ ಇಪ್ಪತ್ತು ಜನ ಕಚೇರಿಗೆ ಬಂದು ಅರ್ಜಿ ಕೊಟ್ಟರು. ಲಸ್ಕರ್ ಮೇಲಿನ ಊರಿನವರಿಗೆ ನೀರು ಮಾರಿಕೊಂಡಿದ್ದಾನೆ, ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಅರ್ಜಿಯಲ್ಲಿ ಬರೆದಿತ್ತು. ಮೊದಲ ಸಹಿ ಅಯ್ಯಮ್ಮನ ಮಾವನದು.

ಇಂಜಿನಿಯರರು ಫೋನಿನಲ್ಲಿ ಹೇಳಿದಂತೆ ನಾನೇ ನೋಟೀಸು ಬರೆದೆ. ಇಪ್ಪತ್ನಾಲ್ಕು ತಾಸಿನಲ್ಲಿ ನೀರು ಮುಟ್ಟಿಸಬೇಕು, ತಪ್ಪಿದರೆ ಕೆಲಸದಿಂದ ತೆಗೆಯಲಾಗುವುದು. ಸಂಜೆ ಅವನಿಗೆ ಕೊಟ್ಟೆ. ಓದಲು ಬರುತ್ತಿತ್ತು ಅವನಿಗೆ, ನಿಧಾನ. ಓದಿ ಮುಗಿಸಿ ಕೆಲಸದ ಮಾತು ಎತ್ತಲೇ ಇಲ್ಲ. ಅರ್ಜಿಯಲ್ಲಿ ಬೀಗರ ಸಹಿ ಇದೆಯೇ ಎಂದಷ್ಟೇ ಕೇಳಿದ. ಇದೆ ಎಂದೆ. "ಹಂಗಾದ್ರ ಅಯ್ಯಮ್ಮ ಆ ಮನ್ಯಾಗ ಹೆಂಗ ತಲಿ ಎತ್ತಬೇಕ್ರಿ ಸಾಹೇಬ್ರ?" ಎಂದ. ನಾನು ನೋಟೀಸಿನ ಪ್ರತಿಯ ಮೇಲೆ ಅವನ ಸಹಿ ಹಾಕಿಸಿಕೊಂಡೆ.

ಆರನೇ ತಾರೀಕು ನಸುಕಿನಲ್ಲೇ ಅದೇ ಗಾಡಿ ತೆಗೆದ. ಬೇರೆ ದಾರಿ ಏನಿತ್ತು? ಪ್ಲಗ್ ಒರೆಸುತ್ತ, ನೂಕುತ್ತ, ಬೈಯುತ್ತ ಏಳನೇ ತೂಬಿನವರೆಗೆ ಬಂದ. ಅಲ್ಲಿ ಗಾಡಿ ಪೂರಾ ನಿಂತಿತು. ಸೂರ್ಯ ಮಾರುದ್ದ ಏರಿದ್ದ. ಚಂದ್ರಾಮಪ್ಪ ದಂಡೆಯ ಮೇಲೆ ಕೂತು ಅತ್ತ. ನಲವತ್ತೆಂಟು ವರ್ಷದ ಗಂಡಸು, ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದ ಎಂದು ಅದನ್ನು ಕಂಡ ಮರಿಲಿಂಗಪ್ಪ ಹೇಳುತ್ತಾನೆ.

ಈ ಮರಿಲಿಂಗಪ್ಪ ಏಳನೇ ತೂಬಿನ ಹತ್ತಿರ ಆಡು ಮೇಯಿಸುತ್ತಿದ್ದ ಮುದುಕ. ಕಾಲುವೆ ಬರುವ ಮೊದಲು ಸುತ್ತಿನ ಹನ್ನೆರಡು ಹಳ್ಳಿಯ ಬಾವಿಗಳಿಗೆ ಎತ್ತು ಕಟ್ಟಿ ನೀರು ಎಳೆಯುವ ತೊಗಲಿನ ದೊಡ್ಡ ಚೀಲ ಹೊಲಿದುಕೊಡುತ್ತಿದ್ದವನು ಅವನೇ. ಕಾಲುವೆ ಬಂತು, ಬಾವಿಗಳು ಹಾಳು ಬಿದ್ದವು, ಅವನ ಸೂಜಿ ದಾರ ಗೂಡು ಸೇರಿದವು. ಗಾಡಿ ರಿಪೇರಿಗೆ ಅವನನ್ನು ಕೇಳಬೇಕೆಂದು ಯಾರಿಗೆ ತಾನೆ ಹೊಳೆಯುತ್ತದೆ?

ಚಂದ್ರಾಮಪ್ಪ ಹತಾಶೆಯಲ್ಲಿ ಎದ್ದು ಫಿಲ್ಟರಿನ ಡಬ್ಬಿ ಬಿಚ್ಚಿದ. ಧೂಳು ಹೋಗಿ ಇಂಜಿನ್ ಸತ್ತರೂ ಸಾಯಲಿ, ಇವತ್ತೊಂದು ದಿನ ಓಡಿದರೆ ಸಾಕು ಎಂದು ಸ್ಪಂಜನ್ನು ಕಿತ್ತು ಎಸೆದ. ಅದು ಹೋಗಿ ಮರಿಲಿಂಗಪ್ಪನ ಕಾಲ ಹತ್ತಿರ ಕಟ್ಟಿಗೆಯ ತುಂಡಿನ ಹಾಗೆ ಟಕ್ಕೆಂದು ಬಿತ್ತು. ಸ್ಪಂಜು ಹಾಗೆ ಬೀಳುವುದಿಲ್ಲ. ಮುದುಕ ಎತ್ತಿಕೊಂಡು ಉಗುರಿನಿಂದ ಕೆರೆದ, ಮೂಗಿಗೆ ಹಿಡಿದ.

"ಇದಕ್ಕ ಕುಸುಬಿ ಎಣ್ಣಿ ಹಾಕೀಯೇನು?" ಎಂದು ಕೇಳಿದ.

ಹೌದು ಎಂದ ಚಂದ್ರಾಮಪ್ಪ.

"ಕುಸುಬಿ ಎಣ್ಣಿ ಬಿಸಲಿಗೆ ಒಣಗಿದ್ರ ತೊಗಲ ಆಗ್ತದೋ ತಮ್ಮ. ಚೀಲ ಸೋರಬಾರ್ದಂತ ನಾವು ಇದನ್ನ ಕಾಸಿ ಹಚ್ತಿದ್ವಿ. ನೀರಿಗೇ ದಾರಿ ಬಿಡಲ್ಲ ಇದು, ಗಾಳಿಗೆ ಹೆಂಗ ಬಿಡ್ತದ?"

ಹತ್ತು ವರ್ಷ ಅದೇ ದಂಡೆಯ ಮೇಲೆ ಆ ಮುದುಕನ ಮುಂದೆ ಹಾದುಹೋಗಿದ್ದ ಚಂದ್ರಾಮಪ್ಪ ಅವನ ಕಾಲು ಮುಟ್ಟಿದ. ಮರಿಲಿಂಗಪ್ಪ ಕಾಲು ಹಿಂದಕ್ಕೆ ಎಳೆದುಕೊಂಡು, ಅದೆಲ್ಲ ಇರಲಿ, ಮೊದಲು ಗಾಡಿ ನೋಡು ಎಂದು ಗದರಿಸಿದ. ಹಳೆಯ ಧೋತರದ ಅಂಚು ಹರಿದು, ಎರಡು ಪದರು ಮಾಡಿ ಗಾಳಿಯ ಬಾಯಿಗೆ ಕಟ್ಟಿದರು. ಪ್ಲಗ್ ಒರೆಸಿ ಎರಡು ಕಿಕ್ ಹೊಡೆದದ್ದೇ ತಡ, ಗಾಡಿ ಎದ್ದು ಕೂತಿತು. ಕಪ್ಪು ಹೊಗೆ ಹೋಗಿ ತಿಳಿ ಹೊಗೆ ಬಂತು.

ಆವತ್ತು ಅವನು ಓಡಾಡಿದ್ದನ್ನು ಮೇಲಿನ ಊರಿನವರು ಈಗಲೂ ಹೇಳುತ್ತಾರೆ. ಹದಿನಾಲ್ಕೂ ತೂಬು ಮುಚ್ಚಿದ, ತಿರುಗಿ ಮೇಲಕ್ಕೆ ಹೋದ, ಮತ್ತೆ ಕೆಳಗೆ ಬಂದ. ಮೂರನೇ ತೂಬಿನಲ್ಲಿ ನಾಲ್ಕು ಜನ ಕಬ್ಬಿಣದ ಸಲಾಕೆ ಹಿಡಿದು ನಿಂತಿದ್ದರು. ಇವನು ಗಾಡಿ ಬಂದ್ ಮಾಡದೆಯೇ ಇಳಿದುಹೋಗಿ ತೂಬಿನ ಬಾಯಿಗೆ ಎದೆಮಟ್ಟದ ನೀರಿನಲ್ಲಿ ಬೆನ್ನು ಕೊಟ್ಟು ನಿಂತ. ಎತ್ತುವುದಾದರೆ ನನ್ನನ್ನೂ ಸೇರಿಸಿ ಎತ್ತಿರಿ ಎಂದನಂತೆ. ಬೈದರು, ಮಣ್ಣಿನ ಹೆಂಟೆ ಎಸೆದರು, ಕಡೆಗೆ ಹೋದರು. ನಾಲ್ಕು ಗಂಟೆಯ ಹೊತ್ತಿಗೆ ಬೇವಿನಗೇರಿಯ ಗದ್ದೆಗೆ ನೀರು ನುಗ್ಗಿತು. ಸಂಜೆ ಮೇಲೆ ಬಂದ್ ಆದರೂ ಕಾಲುವೆಯೊಳಗಿನ ನೀರು ಮರುದಿನ ಬೆಳಗಿನತನಕ ಹರಿಯಿತು. ಊರಿನ ಅರ್ಧಕ್ಕಿಂತ ಹೆಚ್ಚು ಭತ್ತ ಉಳಿಯಿತು. ಬೀಗರ ಗದ್ದೆ ಪೂರಾ ಉಳಿಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ.

ಅರ್ಜಿ ಬಂದ ಮೇಲೆ ಊರಿಗೆ ಉತ್ತರ ಹೋಗಬೇಕಲ್ಲ. ಏಳನೇ ತಾರೀಕು ನಾನು ಉತ್ತರ ಬರೆದೆ. "ಸದರಿ ಲಸ್ಕರನಿಗೆ ನೋಟೀಸು ಜಾರಿ ಮಾಡಿದ ತರುವಾಯ ನೀರು ತಲುಪಿಸಲಾಗಿರುತ್ತದೆ." ಇದರಲ್ಲಿ ಸುಳ್ಳು ಒಂದಕ್ಷರವಿಲ್ಲ. ನೋಟೀಸು ಐದಕ್ಕೆ, ನೀರು ಆರಕ್ಕೆ. ಗಾಡಿಯ ವಿಷಯ ನನಗೆ ಆಗ ಗೊತ್ತಿತ್ತೇ? ಗೊತ್ತಿತ್ತು. ಅವನು ಬೆಳಿಗ್ಗೆಯೇ ಬಂದು ಆ ಗಟ್ಟಿ ಸ್ಪಂಜನ್ನು ನನ್ನ ಮೇಜಿನ ಮೇಲಿಟ್ಟು ಎಲ್ಲ ಹೇಳಿದ್ದ. ಕಾಗದಕ್ಕೆ ಕಲೆ ಆಗುತ್ತದೆ, ತೆಗೆ ಎಂದಿದ್ದೆ ನಾನು. ಸರ್ಕಾರಿ ಉತ್ತರದಲ್ಲಿ ಕುಸುಬಿ ಎಣ್ಣೆ, ಆಡು ಕಾಯುವ ಮುದುಕ ಎಲ್ಲ ಬರೆದರೆ ಇಂಜಿನಿಯರರು ನಕ್ಕಾರು ಎಂದು ನನಗೆ ನಾಚಿಕೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನ್ನ ದೊಣ್ಣೆ ಒಂದು ಸಾಲಿನದು.

ಬೇವಿನಗೇರಿಯ ಕಟ್ಟೆಯ ಮೇಲೆ ಆ ಉತ್ತರವನ್ನು ಗಟ್ಟಿಯಾಗಿ ಓದಿದರಂತೆ. ನೋಟೀಸು ಕೊಟ್ಟ ಮರುದಿನವೇ ನೀರು ಬಂತೆಂದರೆ ಅರ್ಥವೇನು, ಮೂರು ದಿನ ಬೇಕೆಂದೇ ತಡೆದಿದ್ದ ಎಂದು ಊರು ತೀರ್ಮಾನಿಸಿತು. ನೀರು ತಂದದ್ದೇ ಅವನ ಅಪರಾಧಕ್ಕೆ ಸಾಕ್ಷಿಯಾಯಿತು. ಕುಸುಬಿ ಎಣ್ಣೆಯ ಕಥೆಯನ್ನು ಅವನು ಹೇಳಿದಷ್ಟೂ ಜನ ನಕ್ಕರು. ತಿನ್ನುವ ಎಣ್ಣೆಯಿಂದ ಗಾಡಿ ಕೆಡುತ್ತದಂತೆ ಎಂದು ಹುಣಸಗಿಯ ಸಂತೆಯಲ್ಲೂ ಆಡಿಕೊಂಡರು.

ವಾರದ ಮೇಲೆ ಚಂದ್ರಾಮಪ್ಪ ಕಚೇರಿಗೆ ಬಂದ. ಆ ಪತ್ರ ಬದಲಿಸಿ ಎಂದು ಕೇಳುತ್ತಾನೆ ಎಂದುಕೊಂಡೆ. ಅದನ್ನು ಕೇಳಲಿಲ್ಲ. ಮಗಳನ್ನು ನೋಡಲು ಹೋಗಿದ್ದನಂತೆ. ಅವಳು ನೀರಿನ ಚರಿಗೆ ಕೈಗೆ ಕೊಟ್ಟು ಏನು ಅಂದಳೆಂದು ನನಗೆ ಹೇಳಿದ.

"'ಮೊದಲೇ ಬಿಟ್ಟಿದ್ರ ಇಷ್ಟೆಲ್ಲ ಆಗ್ತಿರಲಿಲ್ಲಲ್ಲಪ್ಪ' ಅಂದ್ಳ್ರಿ. ಊರು ಏನರ ಅನ್ಲಿ. ಅಯ್ಯಮ್ಮ ಅಂದ್ಳಲ್ರಿ." ಮತ್ತೆ ಅವನೇ, "ನೀವು ಒಮ್ಮಿ ಬಂದು ಅಕಿಗೆ ಹೇಳ್ರಿ ಸಾಹೇಬ್ರ. ಪತ್ರ ಬರದವ್ರು ನೀವು, ನಿಮ್ಮ ಮಾತು ನಂಬ್ತಾಳ" ಎಂದ.

ಆಡಿಟ್ ಇದೆ, ಮುಂದಿನ ವಾರ ನೋಡೋಣ ಎಂದೆ. ಮುಂದಿನ ವಾರ ಮತ್ತೊಂದು. ಅವನು ಮೂರು ಸಲ ನೆನಪಿಸಿದ, ಆಮೇಲೆ ಬಿಟ್ಟ. ನಾನು ಹೋಗಲಿಲ್ಲ. ಬೇವಿನಗೇರಿ ನಮ್ಮ ಕಚೇರಿಯಿಂದ ಒಂದು ತಾಸಿನ ದಾರಿ.

ಕೆಲಸ ಉಳಿಯಿತು, ತೂಬುಗಳೂ ಅವನವೇ. ಮುಂದಿನ ಏಳು ವರ್ಷ ಬೇವಿನಗೇರಿಗೆ ಒಂದು ಪಾಳಿಯೂ ತಪ್ಪಲಿಲ್ಲ. ಆದರೆ ಇಂಥ ದಿನ ನೀರು ಬರುತ್ತದೆ ಎಂದು ಯಾರಿಗೂ ಮಾತು ಕೊಡುವುದನ್ನು ನಿಲ್ಲಿಸಿದ. ಕೇಳಿದರೆ ಕಚೇರಿಗೆ ಕೇಳಿ ಎನ್ನುತ್ತಿದ್ದ. ಕೊನೆಯ ತೂಬಿನವರೆಗೆ ಹೋಗಿ, ಊರೊಳಗೆ ಕಾಲಿಡದೆ ತಿರುಗುತ್ತಿದ್ದ. ಪಂಚಮಿಗೆ ಮಗಳನ್ನು ಕರೆತರಲು ತಮ್ಮನನ್ನು ಕಳಿಸುತ್ತಿದ್ದ. ಮಗಳು ಮನೆಯಲ್ಲಿದ್ದಷ್ಟು ದಿನ ಕಾಲುವೆಯ ಮೇಲೆ ಕೆಲಸ ಇದೆ ಎಂದು ಹೊರಟುಹೋಗುತ್ತಿದ್ದ. ಪಂಚಮಿಯ ದಿನ ಕಾಲುವೆಯ ಮೇಲೆ ಎಂಥ ಕೆಲಸ ಎಂದು ನನಗೆ ಗೊತ್ತಿತ್ತು. ಎರಡು ಸಾವಿರದ ಮೂರರಲ್ಲಿ ದಂಡೆಯ ಮೇಲೆಯೇ ಎದೆನೋವು ಬಂದು ಸತ್ತ.

ಅದಾಗಿ ಎರಡು ವರ್ಷಕ್ಕೆ ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಅಯ್ಯಮ್ಮ ಸಿಕ್ಕಳು. ಅವಳೇ ಗುರುತು ಹಿಡಿದು ಮಾತಾಡಿಸಿದಳು. ನಾನು ಅಲ್ಲೇ, ಶೇಂಗಾ ಮಾರುವವರ ಗದ್ದಲದಲ್ಲಿ, ಒಂಬತ್ತು ವರ್ಷದ ಹಿಂದೆ ಹೇಳಬೇಕಾಗಿದ್ದನ್ನು ಹೇಳಿದೆ. ಗಾಡಿ, ಸ್ಪಂಜು, ಎಣ್ಣೆ, ನನ್ನ ಪತ್ರ ಎಲ್ಲ. ಅವಳು ಚೀಲ ಕೆಳಗಿಟ್ಟು ಕೇಳಿಸಿಕೊಂಡಳು.

"ನಂಗ ಗೊತ್ತಿತ್ರಿ" ಎಂದಳು. "ನಮ್ಮಪ್ಪ ನೀರು ಮಾರೋ ಮನಷ್ಯಾ ಅಲ್ಲಂತ ನಂಗ ಗೊತ್ತಿರಲಿಲ್ಲೇನ್ರಿ? ಆವತ್ತು ಅತ್ತಿ ಬಾಜೂಕ ನಿಂತಿದ್ಲು. ಆ ಮನ್ಯಾಗ ಬಾಳೇ ಮಾಡಬೇಕಿತ್ತು, ಹಂಗ ಅಂದೆ. ಆಮ್ಯಾಲ ಒಬ್ಬನೇ ಸಿಕ್ಕಾಗ ಹೇಳಬೇಕಂತ ಇದ್ದೆ. ಅಪ್ಪ ಒಬ್ಬನೇ ಸಿಗಲೇ ಇಲ್ಲ."

ಹುಣಸಗಿ ಬಸ್ಸು ಬಂತು. ಅವಳು ಚೀಲ ಎತ್ತಿಕೊಂಡು, ಬರ್ತೀನ್ರಿ ಎಂದು ಹೇಳಿ ಹತ್ತಿದಳು.